ಕೈಯೂ ಓದೂ ಕೂಡಿದ ವಡೋದರಾ

ಮಕರಪುರದ ಕೈಗಾರಿಕಾ ವಸಾಹತಿನಿಂದಾಗಿ ವಡೋದರಾವನ್ನು ಕಾರ್ಖಾನೆಗಳ ಊರೆಂದೇ ಬಲ್ಲವರು ಬಹಳ. ಆದರೆ ಅಲ್ಲಿನ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1950ರಲ್ಲಿ ಶುರುವಾದ ಲಲಿತಕಲಾ ವಿಭಾಗ, ಅಮೆರಿಕದ ಕಾಲೇಜುಗಳಿಗೆ ಸುಲಭವಾಗಿ ಸಾಧಿಸಲಾಗದ ಒಂದು ಕೆಲಸವನ್ನು, ಕೈಕೆಲಸವನ್ನೂ ಓದನ್ನೂ ಕೂಡಿಸುವುದನ್ನು, ದಶಕಗಳ ಕಾಲ ಮಾಡಿ ತೋರಿಸಿತು.

ಒಂದೇ ವೃತ್ತಿಗೆ ಕಟ್ಟುಬೀಳದ ವಿಶಾಲ ಶಿಕ್ಷಣವಾದ ಲಿಬರಲ್ ಆರ್ಟ್ಸ್‌ನಲ್ಲಿ ಏನನ್ನು ಕಲಿಸಬೇಕು ಎಂಬ ವಾಗ್ವಾದ ಅಮೆರಿಕದಲ್ಲಿ ಹಳೆಯದು. 1828ರಲ್ಲಿ ಯೇಲ್ ಕಾಲೇಜು ಗ್ರೀಕ್, ಲ್ಯಾಟಿನ್ ಕಲಿಕೆಯನ್ನು ಬಿಡಲಾಗದೆಂದು ವರದಿ ಬರೆಯಿತು. 1869ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ವಿಷಯಗಳ ಆಯ್ಕೆಯನ್ನು ವಿದ್ಯಾರ್ಥಿಗಳಿಗೇ ಬಿಡುತ್ತ ಹೋದರು. 1919ರಲ್ಲಿ ಕೊಲಂಬಿಯಾ ಮತ್ತೆ ಎಲ್ಲರಿಗೂ ಸಮಾನವಾದ ಪಾಠಕ್ರಮ ತಂದಿತು. ಮೂರು ಕಡೆಯೂ ಪುಸ್ತಕಕ್ಕೇ ಅಗ್ರಪೀಠ. ಕಲೆಯನ್ನು ಕಲಿಕೆಯ ನಡುವೆ ಇರಿಸಿದ ಉತ್ತರ ಕೆರೊಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜು 1933ರಲ್ಲಿ ಹುಟ್ಟಿ, ಹಣವಿಲ್ಲದೆ 1957ರಲ್ಲಿ ಮುಚ್ಚಿಹೋಯಿತು.

ವಡೋದರಾ ಉಳಿಯಿತು. ಮೊದಲ ಕುಲಪತಿ ಹಂಸಾ ಮೆಹ್ತಾ ಅವರ ಕಾಲದಲ್ಲಿ ಕಲೆಗೆ ವಿಶ್ವವಿದ್ಯಾಲಯದ ಪದವಿಯ ಮಾನ್ಯತೆ ಸಿಕ್ಕಿದ್ದು ಇದಕ್ಕೆ ಆಸರೆ. ಮಣ್ಣು ಕಲಸುವವರೂ ಬಣ್ಣ ಬಳಿಯುವವರೂ ಇಲ್ಲಿ ಕಲೆಯ ಇತಿಹಾಸ, ಸೌಂದರ್ಯಶಾಸ್ತ್ರ ಓದಿದರು. ಮದರಾಸಿನಲ್ಲಿ ಅರ್ಥಶಾಸ್ತ್ರ ಓದಿ, ಶಾಂತಿನಿಕೇತನದಲ್ಲಿ ಚಿತ್ರಕಲೆ ಕಲಿತ ಕೆ.ಜಿ. ಸುಬ್ರಮಣ್ಯನ್ ಇಲ್ಲಿ ಪಾಠವನ್ನೂ ಹೇಳಿದರು, ಆಟಿಕೆಯನ್ನೂ ಮಾಡಿದರು, ಗಂಭೀರ ಪ್ರಬಂಧಗಳನ್ನೂ ಬರೆದರು. ಚಿತ್ರಕಾರ ಗುಲಾಂ ಮೊಹಮ್ಮದ್ ಶೇಖ್ ಕಲಾ ಇತಿಹಾಸ ಕಲಿಸಿದರು, ಗುಜರಾತಿಯಲ್ಲಿ ಕವಿತೆಯನ್ನೂ ಬರೆದರು. ಲೆಕ್ಕಪರಿಶೋಧಕರಾಗಿದ್ದ ಭೂಪೇನ್ ಖಖ್ಖರ್ ಕಲಾವಿಮರ್ಶೆ ಓದಲು ಬಂದು ದೊಡ್ಡ ಚಿತ್ರಕಾರರಾದರು. ಬೆಂಗಳೂರಿನ ಕೆನ್ ಕಲಾಶಾಲೆಯಿಂದ ಹೋದ ಬಿ.ವಿ. ಸುರೇಶ್ ಅಲ್ಲೇ ಅಧ್ಯಾಪಕರೂ ಆದರು. ಹಾರ್ವರ್ಡ್‌ನ ಪಟ್ಟಿಯಿಂದ ವಿಷಯ ಆರಿಸಿಕೊಳ್ಳುವುದಕ್ಕಿಂತ ಇದು ಗಟ್ಟಿಯಾದ ವಿದ್ಯೆ. ಒಂದು ಶಿಸ್ತು ಇನ್ನೊಂದನ್ನು ಪ್ರಶ್ನಿಸುವುದು ಇಲ್ಲಿ ದಿನದ ಕೆಲಸದೊಳಗೇ ನಡೆಯಿತು.

ಕೊರತೆಯೂ ಇದೆ. ಬೋಧನೆಯ ಭಾಷೆ ಇಂಗ್ಲಿಷಾದ್ದರಿಂದ ಸಣ್ಣ ಊರಿನ ಜಾಣ ಕೈಗಳಿಗೆ ಸಿದ್ಧಾಂತದ ತರಗತಿ ದೂರವೇ ಉಳಿಯುತ್ತದೆ. ಇದೇ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಗಣೇಶ ದೇವಿ ಆ ಕೆಲಸ ಬಿಟ್ಟು, ತೇಜಗಡದಲ್ಲಿ ಆದಿವಾಸಿ ಅಕಾಡೆಮಿ ಕಟ್ಟಿದರು. ಮುಂದೆ ಧಾರವಾಡಕ್ಕೆ ಬಂದು ನೆಲೆಸಿದರು. ಅವರು ಎತ್ತಿಕೊಂಡ, ಇಂಗ್ಲಿಷಿನಾಚೆಯ ಭಾಷೆಗಳ ಪ್ರಶ್ನೆಯನ್ನು ಕಲಾವಿಭಾಗವೂ ಎದುರಿಸಬೇಕಿತ್ತು.

2007ರ ಮೇ ತಿಂಗಳಲ್ಲಿ ಕಲಾವಿಭಾಗಕ್ಕೆ ನಿಜವಾದ ಪರೀಕ್ಷೆ ಬಂತು. ವಿದ್ಯಾರ್ಥಿಯೊಬ್ಬ ಮೌಲ್ಯಮಾಪನಕ್ಕೆಂದು ಇಟ್ಟಿದ್ದ ಚಿತ್ರಗಳು ಅಶ್ಲೀಲವೆಂದು ಹೊರಗಿನವರು ನುಗ್ಗಿ ಗದ್ದಲ ಎಬ್ಬಿಸಿದರು. ಪೊಲೀಸರು ಬಂಧಿಸಿದ್ದು ಆ ವಿದ್ಯಾರ್ಥಿಯನ್ನೇ. ಸಹಪಾಠಿಗಳು ಘೋಷಣೆಯಷ್ಟಕ್ಕೇ ನಿಲ್ಲದೆ, ಭಾರತೀಯ ಕಲೆಯಲ್ಲಿ ಶೃಂಗಾರ ಚಿತ್ರಣ ಎಷ್ಟು ಹಳೆಯದೆಂದು ತೋರಿಸುವ ಪ್ರದರ್ಶನ ಏರ್ಪಡಿಸಿದರು. ತರಗತಿಯಲ್ಲಿ ಕಲಿತ ಇತಿಹಾಸವೇ ಅವರ ವಾದವಾಯಿತು. ಆ ಪ್ರದರ್ಶನವನ್ನು ಮುಚ್ಚಿಸಲು ಒಪ್ಪದ ಡೀನ್ ಶಿವಾಜಿ ಪಣಿಕ್ಕರ್ ಅವರನ್ನು ವಿಶ್ವವಿದ್ಯಾಲಯ ಅಮಾನತು ಮಾಡಿತು.