ಭಾವಚಿತ್ರಾಭ್ಯಾಸದಲ್ಲಿ ವರ್ಣದ ಸ್ಥಾನ

ಚಿತ್ರಕಲೆಯನ್ನು ಅಭ್ಯಸಿಸುವ ವಿದ್ಯಾರ್ಥಿಯು ಮನುಷ್ಯನ ಮುಖವನ್ನು ಬರೆಯತೊಡಗಿದಾಗ, ಇದ್ದಿಲಿನ ಕಡ್ಡಿಯನ್ನು ಕೆಳಗಿಟ್ಟು ಬಣ್ಣದ ಕಡ್ಡಿಯನ್ನು ಯಾವಾಗ ಎತ್ತಿಕೊಳ್ಳಬೇಕೆಂಬ ಪ್ರಶ್ನೆ ಏಳುತ್ತದೆ. ಮೊದಲು ರೇಖೆ, ಆಮೇಲೆ ನೆಳಲು-ಬೆಳಕು, ಕಟ್ಟಕಡೆಗೆ ಬಣ್ಣ ಎಂಬ ಕ್ರಮವು ಕಲಾಶಿಕ್ಷಣದಲ್ಲಿ ಬಹುಕಾಲದಿಂದ ರೂಢಮೂಲವಾಗಿದೆ. ನಮ್ಮ ಶಾಸ್ತ್ರಗ್ರಂಥಗಳ ಬೆಂಬಲವೂ ಇದಕ್ಕೆ ಉಂಟೆಂದು ಮೇಲುನೋಟಕ್ಕೆ ತೋರುತ್ತದೆ. ಆಚಾರ್ಯರು ರೇಖೆಯನ್ನೂ ವಿಚಕ್ಷಣರು ವರ್ತನೆಯನ್ನೂ ಮೆಚ್ಚುವರೆಂದು ಹೇಳುವ ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು, ವರ್ಣಾಢ್ಯತೆಯನ್ನು ಇತರ ಜನರ ಮೆಚ್ಚುಗೆಗೆ ಬಿಡುತ್ತದೆ. ಕಾಮಸೂತ್ರಕ್ಕೆ ಯಶೋಧರನು ಬರೆದ ವ್ಯಾಖ್ಯಾನದಲ್ಲಿ ಬರುವ ಚಿತ್ರದ ಷಡಂಗಗಳಲ್ಲಿಯೂ ವರ್ಣಿಕಾಭಂಗವು ಕಡೆಯದು.

ಆದರೆ ಕಡೆಯದಾದ ಮಾತ್ರಕ್ಕೆ ಅದು ಕೀಳಾದುದೆಂದು ತಿಳಿಯುವುದು ಸರಿಯಲ್ಲ. ನೆಳಲು-ಬೆಳಕಿನಿಂದ ಉಬ್ಬುತಗ್ಗುಗಳನ್ನು ತೋರಿಸುವುದೇ ವರ್ತನೆ. ಚಿತ್ರಸೂತ್ರವು ಹೇಳುವ ಮೂರು ಬಗೆಯ ವರ್ತನೆಗಳನ್ನೂ ಕುಂಚದಿಂದ ಬಣ್ಣವನ್ನಿಟ್ಟೇ ಸಾಧಿಸಬೇಕು. ಎಂದರೆ, ವಿಚಕ್ಷಣರು ಮೆಚ್ಚುವ ಗುಣವೇ ವರ್ಣಾಧೀನವಾದುದು. ಶಾಸ್ತ್ರಕಾರನು ಬದಿಗೆ ಸರಿಸಿದ್ದು ವರ್ಣವನ್ನಲ್ಲ, ವರ್ಣದ ಆಡಂಬರವನ್ನು. ಷಡಂಗಗಳಲ್ಲಿ ಸಾದೃಶ್ಯದ ಬೆನ್ನಿಗೇ ವರ್ಣಿಕಾಭಂಗವು ಬರುವುದೂ ಅರ್ಥಪೂರ್ಣವೇ ಆಗಿದೆ. ಸಾದೃಶ್ಯವನ್ನು ಪೂರ್ಣಗೊಳಿಸುವ ಶಕ್ತಿಯೂ ಕೆಡಿಸುವ ಶಕ್ತಿಯೂ ವರ್ಣಕ್ಕೆ ಉಂಟು.

ವಿದ್ಯಾರ್ಥಿಯೊಬ್ಬನು ಕಿಟಕಿಯ ಬಳಿ ಕುಳಿತ ತನ್ನ ಅಜ್ಜಿಯ ಮುಖವನ್ನು ಬರೆದನೆನ್ನೋಣ. ಇದ್ದಿಲಿನಲ್ಲಿ ಬರೆದ ಹಣೆ, ಮೂಗು, ಗುಳಿಬಿದ್ದ ಕೆನ್ನೆಗಳು ಚೆನ್ನಾಗಿ ಮೂಡಿವೆ. ಅನಂತರ ಅವನು ಪೆಟ್ಟಿಗೆಯಿಂದ ‘ಮೈಬಣ್ಣ’ವೆಂದು ತಾನು ತಿಳಿದ ಕಡ್ಡಿಯೊಂದನ್ನು ತೆಗೆದು ಮುಖವನ್ನೆಲ್ಲ ತುಂಬುತ್ತಾನೆ. ಅಷ್ಟರಲ್ಲಿ ಎರಡು ಅನರ್ಥಗಳು ಸಂಭವಿಸುತ್ತವೆ. ಇದ್ದಿಲು ಎತ್ತಿಕೊಟ್ಟಿದ್ದ ಉಬ್ಬುತಗ್ಗುಗಳು ಒಂದೇ ಬಣ್ಣದ ಪದರದಡಿ ಸಮತಟ್ಟಾಗುತ್ತವೆ. ಕಪ್ಪಗಿದ್ದ ಅಜ್ಜಿ ಬೆಳ್ಳಗಾಗುತ್ತಾಳೆ. ಮೊದಲನೆಯದು ಕೈಯ ದೋಷ, ಅಭ್ಯಾಸದಿಂದ ಹೋಗತಕ್ಕದ್ದು. ಎರಡನೆಯದು ಕಣ್ಣಿನ ದೋಷ. ಬಿಳುಪೇ ಚೆಲುವೆಂಬ ಸಾಮಾಜಿಕ ಭ್ರಮೆಯು ಪ್ರೀತಿಯ ವೇಷದಲ್ಲಿ ಚಿತ್ರದೊಳಕ್ಕೆ ನುಸುಳಿದೆ. ಇಂಥ ಭ್ರಮೆಗೆ ಬಣ್ಣದ ಪೆಟ್ಟಿಗೆಯೂ ನೆರವಾಗಿದ್ದುಂಟು. ಅಮೆರಿಕೆಯ ಕ್ರಯೋಲಾ ಕಡ್ಡಿಗಳಲ್ಲಿ ನಸುಗೆಂಪಿನ ಒಂದು ಛಾಯೆಗೆ ‘ಮಾಂಸವರ್ಣ’ವೆಂಬ ಅರ್ಥದ ಹೆಸರಿತ್ತು, 1962ರಲ್ಲಿ ಅದನ್ನು ಪೀಚ್ ಹಣ್ಣಿನ ಹೆಸರಿಗೆ ಬದಲಾಯಿಸಲಾಯಿತು. ಒಂದು ಜನಾಂಗದ ಮೈಬಣ್ಣವನ್ನು ಮನುಷ್ಯಮಾತ್ರದ ಮೈಬಣ್ಣವೆಂದು ಕರೆದ ತಪ್ಪು ಹೆಸರಿನಲ್ಲಿ ಅಳಿದರೂ ರೂಢಿಯಲ್ಲಿ ಸುಲಭವಾಗಿ ಅಳಿಯುವಂಥದಲ್ಲ.

ಇದಕ್ಕೆ ಪರಿಹಾರವೇನು? ಮಿತವರ್ಣದ ಶಿಸ್ತು. ಅದರ ಉತ್ತಮ ನಿದರ್ಶನವು ಕಿರಿಯ ಹಾನ್ಸ್ ಹೋಲ್ಬೈನನ ರೇಖಾಚಿತ್ರಗಳಲ್ಲಿ ದೊರೆಯುತ್ತದೆ. ಇಂಗ್ಲೆಂಡಿನ ಅರಸುಮನೆತನದ ಸಂಗ್ರಹದಲ್ಲಿ ಅವನ ಸುಮಾರು 80 ಭಾವಚಿತ್ರಗಳಿವೆ. 1526ರಿಂದ 1528ರವರೆಗಿನ ಮೊದಲ ವಾಸ್ತವ್ಯದಲ್ಲಿ ಅವನು ಲೇಪವಿಲ್ಲದ ಕಾಗದದ ಮೇಲೆ ಕಪ್ಪು ಮತ್ತು ಬಣ್ಣದ ಸುಣ್ಣಕಡ್ಡಿಗಳಿಂದ ಬರೆದನು. 1532ರಲ್ಲಿ ಮರಳಿ ಬಂದ ಮೇಲೆ ಕಾಗದಕ್ಕೆ ಮೊದಲೇ ನಸುಗೆಂಪು ಲೇಪವನ್ನು ಕೊಡುವ ಪದ್ಧತಿಯನ್ನು ಹಿಡಿದನು. ಆಗ ಕಾಗದವೇ ಮುಖದ ನಡುಛಾಯೆಯಾಯಿತು. ಕೆಲವೇ ಗೆರೆಗಳೂ ತುಟಿ-ಕೆನ್ನೆಗಳಲ್ಲಿ ಅಲ್ಪ ಸ್ವಲ್ಪ ಕೆಂಪೂ ಸಾಕಾದವು. ಉಡುಪಿನ ಬಣ್ಣವನ್ನು ಅವನು ಎಷ್ಟೋ ಕಡೆ ಹಚ್ಚದೆ, ಬರಿಯ ಮಾತಿನಲ್ಲಿ ಗುರುತುಹಾಕಿಕೊಂಡನು.

ಮುಂಬಯಿಯ ವಿದ್ಯಾರ್ಥಿಯು ಇಲ್ಲಿ ಕಲಿಯಬೇಕಾದುದು ತತ್ತ್ವವನ್ನು, ನಸುಗೆಂಪು ಕಾಗದವನ್ನಲ್ಲ. ಹೋಲ್ಬೈನನ ಮುಂದೆ ಕುಳಿತವರಿಗೆ ಆ ಕಾಗದ ಒಪ್ಪಿತು. ಅಜ್ಜಿಯ ಮುಖಕ್ಕೆ ಕಂದು ಕಾಗದವು ಒಪ್ಪುತ್ತದೆ. ಅದರ ಮೇಲೆ ಇದ್ದಿಲು, ಕಾವಿ, ಬಿಳಿಯ ಸುಣ್ಣಕಡ್ಡಿ, ಈ ಮೂರೇ ಸಾಕು. ಕಾಗದವು ನಡುಛಾಯೆ, ಇದ್ದಿಲು ನೆಳಲು, ಕಾವಿಯು ತುಟಿ ಮತ್ತು ಕಿವಿಯಂಚಿನ ಬಿಸುಪು. ಬಿಳುಪು ಬೆಳಕು ಹೊಳೆಯುವ ಎಡೆಗೆ ಮಾತ್ರ. ಕನ್ನಡದ ‘ಎಣ್ಣೆಗಪ್ಪು’ ಎಂಬ ಮಾತನ್ನು ಇಲ್ಲಿ ನೆನೆಯಬೇಕು. ಅದು ಬರಿಯ ಬಣ್ಣದ ಹೆಸರಲ್ಲ. ಬಣ್ಣವನ್ನೂ ಅದರ ಮೇಲೆ ಆಡುವ ಹೊಳಪನ್ನೂ ಒಟ್ಟಿಗೆ ಹಿಡಿದ ಮಾತು. ಕಪ್ಪು ಮೈಯ ಮೇಲೆ ಕಿಟಕಿಯ ಬೆಳಕು ಎದ್ದುಕಾಣುವಷ್ಟು ಸ್ಪಷ್ಟವಾಗಿ ಬೆಳ್ಳಗಿನ ಮೈಯ ಮೇಲೆ ಕಾಣುವುದಿಲ್ಲ. ಭಾಷೆಗೆ ತಿಳಿದ ಈ ಸತ್ಯವು ಚಿತ್ರಕಾರನ ಕೈಗೂ ತಿಳಿಯಬೇಕು.

ಅಮೃತಾ ಶೇರ್‌ಗಿಲ್‌ರ ಬೆಳವಣಿಗೆಯು ಈ ಮಾತಿಗೆ ಪುಷ್ಟಿ ಕೊಡುತ್ತದೆ. ಪ್ಯಾರಿಸ್ಸಿನಲ್ಲಿ ವಿದ್ಯಾರ್ಥಿನಿಯಾಗಿದ್ದಾಗ 1932ರಲ್ಲಿ ಬರೆದ ‘ಯಂಗ್ ಗರ್ಲ್ಸ್’ ಚಿತ್ರವು ಮರುವರ್ಷ ಅಲ್ಲಿನ ಗ್ರಾಂಡ್ ಸಲೋನಿನ ಚಿನ್ನದ ಪದಕವನ್ನು ತಂದಿತು. ಅಕಾಡೆಮಿಯ ಶಿಕ್ಷಣವು ಕೊಡಬಲ್ಲುದನ್ನೆಲ್ಲ ಅವರು ಪಡೆದಿದ್ದರು. ಆದರೂ 1934ರಲ್ಲಿ ಭಾರತಕ್ಕೆ ಬಂದ ಬಳಿಕ ಅವರ ವರ್ಣಕ್ರಮವೇ ಬದಲಾಯಿತು. ಬಾಂಬೆ ಆರ್ಟ್ ಸೊಸೈಟಿಯು 1937ರಲ್ಲಿ ಚಿನ್ನದ ಪದಕವಿತ್ತು ಮನ್ನಿಸಿದ ‘ತ್ರೀ ಗರ್ಲ್ಸ್’ ಚಿತ್ರದ ಕಂದು ಮುಖಗಳು ಯಾರ ಕನಿಕರವನ್ನೂ ಬೇಡುವುದಿಲ್ಲ, ಬೆಳ್ಳಗಾಗಲೂ ಹವಣಿಸುವುದಿಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದ ಕೆ. ಕೆ. ಹೆಬ್ಬಾರರು (1911–1996) ಶೇರ್‌ಗಿಲ್‌ರ ಕೃತಿಗಳಿಂದ ಪ್ರಭಾವಿತರಾದರು. ರೇಖೆಗೆ ಹೆಸರಾದ ಅವರೇ ವರ್ಣಕ್ಕೂ ಹೆಸರಾದರೆಂಬುದು, ಇವೆರಡನ್ನೂ ಎದುರಾಳಿಗಳೆಂದು ಬಗೆಯುವವರು ವಿಚಾರಮಾಡತಕ್ಕ ಸಂಗತಿ.

ಕೈ ಪಳಗುವವರೆಗೆ ವಿದ್ಯಾರ್ಥಿಯು ಕಪ್ಪುಬಿಳುಪನ್ನು ಮೀರಬಾರದೆಂಬ ಆಕ್ಷೇಪವು ನಿರಾಧಾರವಾದುದಲ್ಲ. ಛಾಯೆಯ ತಾರತಮ್ಯವನ್ನು ಅರಿಯದವನಿಗೆ ಬಣ್ಣವು ದಾರಿತಪ್ಪಿಸುತ್ತದೆ. ಆದರೆ ವರ್ಷಗಟ್ಟಲೆ ಬಿಳಿಯ ಕಾಗದವನ್ನೇ ಬೆಳಕೆಂದು ನಂಬಿದ ಕಣ್ಣು, ಮುಖವೂ ಮೂಲತಃ ಬಿಳಿಯದೇ, ಕಪ್ಪೆಂಬುದು ಅದರ ಮೇಲೆ ಬಿದ್ದ ನೆಳಲು ಮಾತ್ರ ಎಂಬ ಎಣಿಕೆಗೆ ಒಗ್ಗಿಹೋಗುವ ಅಪಾಯವೂ ಉಂಟು. ಆದುದರಿಂದ ಬಣ್ಣವು ಬೇಗನೆ ಬರಲಿ, ಮಿತವಾಗಿ ಬರಲಿ. ವಿದ್ಯಾರ್ಥಿಯು ಕಡ್ಡಿಯನ್ನು ಆರಿಸುವ ಮುನ್ನ ಕಾಗದವನ್ನು ಆರಿಸಲಿ. ಕಾಗದವನ್ನು ಆರಿಸುವ ಮುನ್ನ ಎದುರಿಗೆ ಕುಳಿತವರ ಮುಖವನ್ನು ನೋಡಲಿ. ಅಜ್ಜಿಯನ್ನು ಅವಳ ಬಣ್ಣದಲ್ಲಿಯೇ ಬರೆದ ಚಿತ್ರದಲ್ಲಿ ಕೈಯ ಕುಂದುಗಳು ಎಷ್ಟಿದ್ದರೂ ಅವು ತಿದ್ದತಕ್ಕವು. ಅವಳನ್ನು ಬೆಳ್ಳಗೆ ಮಾಡಿದ ಚಿತ್ರವು ಎಷ್ಟು ನಯವಾಗಿದ್ದರೂ ಅದು ಬೇರೆ ಯಾರದೋ ಚಿತ್ರ.