ಗಿಟಾರಿನ ಬೆನ್ನಿಗೆ ಕೊಡಗಿನ ಬೀಟೆ

ಗಿಟಾರ್ ನುಡಿಸುವವರು ತಮ್ಮ ಕೈಯಲ್ಲಿ ಹಾದುಹೋದ ವಾದ್ಯಗಳ ಚರಿತ್ರೆ ಹೇಳುವ ಬಗೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಯಾವ ಕಂಪನಿಯದು, ಯಾವ ವರ್ಷದ್ದು, ಯಾವ ಹಾಡಿಗೆ ಬಳಸಿದ್ದು, ಆಮೇಲೆ ಯಾರ ಪಾಲಾಯಿತು ಎಂಬುದಿಷ್ಟೇ ಅದರ ಸಾರ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ 2019ರಲ್ಲಿ ತಮ್ಮ 120ಕ್ಕೂ ಹೆಚ್ಚು ಗಿಟಾರ್‌ಗಳನ್ನು ನ್ಯೂಯಾರ್ಕಿನಲ್ಲಿ ಹರಾಜಿಗಿಟ್ಟರು. ಬಂದ ಎರಡು ಕೋಟಿ ಡಾಲರಿಗೂ ಮಿಕ್ಕ ಹಣವನ್ನು ಹವಾಮಾನ ರಕ್ಷಣೆಯ ಕೆಲಸಕ್ಕೆ ಕೊಟ್ಟರು. ದೊಡ್ಡ ಮನಸ್ಸಿನ ಕೆಲಸವದು, ಅನುಮಾನವಿಲ್ಲ. ಆದರೆ ಅಲ್ಲಿಯೂ ವಾದ್ಯದ ಬೆಲೆಯನ್ನು ಕಟ್ಟಿದ್ದು ಒಡೆಯನ ಹೆಸರು ಮತ್ತು ಅವರು ನುಡಿಸಿದ ಹಾಡುಗಳು. ಈ ಬಗೆಯ ಚರಿತ್ರೆಗಳಲ್ಲಿ ಮರಕ್ಕೆ ಸಿಗುವುದು ಒಂದೇ ಪದದ ಜಾಗ: ರೋಸ್‌ವುಡ್. ಅದರ ಭಾರತೀಯ ಬಗೆಯನ್ನೇ ಕೊಡಗಿನವರು ಬೀಟೆ ಎಂದು ಕರೆಯುವುದು. ಪಶ್ಚಿಮ ಘಟ್ಟದ ಕಾಡಿನಲ್ಲಿ, ಕಾಫಿ ತೋಟದ ನೆರಳಿನ ಸಾಲಿನಲ್ಲಿ ಬೆಳೆಯುವ ಬೀಟೆಯನ್ನು ಗಿಟಾರಿನವರು ನಾದಕ್ಕಾಗಿ ಹೊಗಳುತ್ತಾರೆ. ನನ್ನ ದೃಷ್ಟಿಯಲ್ಲಿ ಆ ಹೊಗಳಿಕೆ ಸಲ್ಲಬೇಕಾದ ಗುಣಕ್ಕೆ ಸಂದಿಲ್ಲ. ಬೀಟೆಯ ನಿಜವಾದ ಗುಣ ಬಾಳಿಕೆ. ಆ ಗುಣವನ್ನು ಒಪ್ಪಿಕೊಂಡರೆ ವರ್ಷಕ್ಕೊಂದು ವಾದ್ಯ ಬದಲಿಸುವ ರೂಢಿಯನ್ನು ಸಮರ್ಥಿಸುವುದು ಕಷ್ಟ.

ಹೊಗಳಿಕೆ ತಪ್ಪು ಗುಣಕ್ಕೆ ಸಂದಿದೆ ಎಂಬುದಕ್ಕೆ ಬೀಟೆ ಗಿಟಾರಿಗೆ ಬಂದ ಬಗೆಯೇ ಮೊದಲ ಸಾಕ್ಷಿ. ಅಮೆರಿಕದ ಮಾರ್ಟಿನ್ ಕಂಪನಿ ದಶಕಗಳ ಕಾಲ ತನ್ನ ಒಳ್ಳೆಯ ಗಿಟಾರ್‌ಗಳ ಬೆನ್ನಿಗೂ ಪಕ್ಕೆಗೂ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿತ್ತು. ಒಳ್ಳೆಯ ದಿಮ್ಮಿ ಸಿಗುವುದು ದುಸ್ತರವಾದಾಗ, 1969ರ ಕೊನೆಯ ಹೊತ್ತಿಗೆ, ಭಾರತದ ಬೀಟೆಗೆ ತಿರುಗಿತು. ಅಂದರೆ ನಮ್ಮ ಮರ ಅಲ್ಲಿಗೆ ಹೋದದ್ದು ಬದಲಿ ಮರವಾಗಿ. 1992ರಲ್ಲಿ ಬ್ರೆಜಿಲ್‌ನ ಮರದ ಅಂತರರಾಷ್ಟ್ರೀಯ ವ್ಯಾಪಾರವೇ ಬಹುಮಟ್ಟಿಗೆ ನಿಂತಿತು. ಆ ಮರದ ಹಳೆಯ ಗಿಟಾರ್‌ಗಳ ಬೆಲೆ ಏರುತ್ತ ಹೋಯಿತು, ಅದರ ನಾದದ ಬಗೆಗಿನ ಕಥೆಗಳೂ ಜೊತೆಗೇ ಏರಿದವು. ಇತ್ತ ಬದಲಿಯಾಗಿ ಬಂದ ಬೀಟೆ ಒಂದು ತಲೆಮಾರಿನೊಳಗೆ ತಾನೇ ಮಾದರಿಯಾಗಿ ಕುಳಿತಿತು. ಮರ ಅಪರೂಪವಾದಷ್ಟೂ ಅದರ ನಾದ ಹಿರಿದಾಗುತ್ತದೆ ಎಂದರೆ, ಹೆಚ್ಚಿದ್ದು ಕೇಳ್ಮೆಯ ಅನುಭವವೋ ಮಾರುಕಟ್ಟೆಯ ಹಂಬಲವೋ ಎಂದು ಕೇಳಲೇಬೇಕಾಗುತ್ತದೆ.

ಕೇಳಿದವರೂ ಇದ್ದಾರೆ. ಇಂದಿನ ಕ್ಲಾಸಿಕಲ್ ಗಿಟಾರಿಗೆ ರೂಪ ಕೊಟ್ಟ ಸ್ಪೇನಿನ ಆಂಟೋನಿಯೊ ಡಿ ಟೊರೆಸ್ 1862ರಲ್ಲಿಯೇ ಬೆನ್ನು ಮತ್ತು ಪಕ್ಕೆಗಳನ್ನು ರಟ್ಟಿನಿಂದ ಮಾಡಿ, ಮುಂಬದಿಯ ಹಲಗೆಯನ್ನಷ್ಟೇ ಮರದಲ್ಲಿಟ್ಟು ಒಂದು ಗಿಟಾರ್ ಕಟ್ಟಿದ. ನಾದದ ಮುಖ್ಯ ಹೊಣೆ ತಂತಿಯ ಕೆಳಗಿನ ಆ ತೆಳು ಹಲಗೆಯದು ಎಂದು ತೋರಿಸುವುದು ಅವನ ಉದ್ದೇಶವಾಗಿತ್ತು. 1995ರಲ್ಲಿ ಅಮೆರಿಕದ ಗಿಟಾರ್ ತಯಾರಕ ಬಾಬ್ ಟೇಲರ್, ಸರಕು ಸಾಗಿಸುವ ಹಳೆಯ ಪ್ಯಾಲೆಟ್ಟಿನ ಓಕ್ ಹಲಗೆಯಿಂದ ಬೆನ್ನು ಮಾಡಿ ಕುಶಲತೆಯ ಪಾಲೆಷ್ಟು ಎಂಬುದನ್ನು ಸಾರಿದರು. ಇವೆರಡನ್ನೂ ಕಸುಬುದಾರರ ಹಟ ಎಂದು ಬದಿಗಿಡಬಹುದೇನೋ. 2018ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರ ಪರೀಕ್ಷೆಯನ್ನು ಹಾಗೆ ಬದಿಗಿಡಲಾಗದು. ಬೆನ್ನು ಮತ್ತು ಪಕ್ಕೆಯ ಮರವೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲೂ ಒಂದೇ ತೆರನಾದ ಆರು ಗಿಟಾರ್‌ಗಳನ್ನು ಮಾಡಿಸಿ, ಮರ ಯಾವುದೆಂದು ಕಾಣದಂತೆ 52 ಮಂದಿ ವಾದಕರ ಕೈಗೆ ಕೊಟ್ಟರು. ಬ್ರೆಜಿಲ್‌ನ ಮರವೂ ಬೀಟೆಯೂ ಅಗ್ಗದ ಮಹಾಗನಿ, ಸಪೀಲೆಗಳೂ ಅದರಲ್ಲಿದ್ದವು. ವಾದಕರು ನಾದಕ್ಕೆ ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

‘ನನ್ನ ಗಿಟಾರಿನ ದನಿ ನನಗೆ ಗೊತ್ತು, ಪರೀಕ್ಷೆ ಬೇಕಿಲ್ಲ’ ಎನ್ನುವ ವಾದಕರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಎರಡು ಗಿಟಾರ್‌ಗಳ ದನಿ ಬೇರೆ ಇರುವುದು ನಿಜ. ಅವರು ಕೇಳುತ್ತಿರುವುದು ಮುಂಬದಿಯ ಹಲಗೆಯನ್ನು, ಅದರ ಒಳಗಿನ ಪಟ್ಟಿಗಳನ್ನು, ತಂತಿಯನ್ನು, ಎಲ್ಲಕ್ಕಿಂತ ಹೆಚ್ಚಾಗಿ ಆ ವಾದ್ಯದೊಡನೆ ತಮ್ಮ ಬೆರಳು ಬೆಳೆಸಿಕೊಂಡ ಬಳಕೆಯನ್ನು. ಅದರ ಕೀರ್ತಿಯನ್ನೆಲ್ಲ ಬೆನ್ನಿನ ಮರಕ್ಕೆ ಬರೆದುಕೊಡುವುದು ಸರಿಯಲ್ಲ ಎಂಬುದಷ್ಟೇ ನನ್ನ ತಕರಾರು. ಬೀಟೆಗೆ ಸಲ್ಲಬೇಕಾದದ್ದು ಬೇರೆಯೇ ಇದೆ. ಚೆನ್ನಾಗಿ ಒಣಗಿದ ಬೀಟೆ ಸೊಟ್ಟಗಾಗುವುದು ಕಡಿಮೆ. ಮಳೆಗಾಲದ ತೇವಕ್ಕೂ ಬೇಸಿಗೆಯ ಒಣಹವೆಗೂ ಬೇಗ ಸೋಲುವುದಿಲ್ಲ. ಬೆರಳು, ತಂತಿ, ಬೆವರು ವರ್ಷಾನುಗಟ್ಟಲೆ ಉಜ್ಜಿದರೂ ಫಿಂಗರ್‌ಬೋರ್ಡ್ ತಡೆಯುತ್ತದೆ. ನೇರಳೆ ಮಿಶ್ರಿತ ಕಂದು ಬಣ್ಣದಲ್ಲಿ ಕಪ್ಪು ಗೆರೆ ಹರಿದ ಅದರ ಚೆಲುವನ್ನು ಯಾವ ಪರೀಕ್ಷೆಯೂ ಕಸಿಯಲಾರದು.

ಈ ಮರ ಕೊಡಗಿನಲ್ಲಿ ಹೇಗೆ ನಿಂತಿದೆ ಎಂಬುದನ್ನು ನೋಡದೆ ಗಿಟಾರಿನ ಬೆಲೆ ಕಟ್ಟುವುದು ಅರ್ಧ ವಿಮರ್ಶೆ. ಬೀಟೆ ನಿಧಾನವಾಗಿ ಬೆಳೆಯುವ ಮರ. ಗಿಟಾರಿನ ಬೆನ್ನಿಗೆ ಬೇಕಾದ ಅಗಲದ, ನೇರ ಎಳೆಯ ಹಲಗೆ ಕೊಡುವಷ್ಟು ಚೇಗು ಕಟ್ಟಲು ತಲೆಮಾರುಗಳೇ ಬೇಕು. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕಡಿಯಬಹುದು. ಆದರೆ ಕಡಿಯುವ ಹಕ್ಕು ಮೊಮ್ಮಗನಿಗಿದೆಯೇ ಎಂಬುದು ಜಮೀನಿನ ದಾಖಲೆಯ ಮೇಲೆ ನಿಂತಿದೆ. ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡ ‘ರಿಡೀಮ್ಡ್’ ಜಾಗವಾದರೆ ಮರ ಬೆಳೆಗಾರನದು. ಹಾಗೆ ಬಿಡಿಸಿಕೊಳ್ಳದ ‘ಅನ್‌ರಿಡೀಮ್ಡ್’ ಜಾಗವಾದರೆ ಬೀಟೆಯ ಒಡೆತನ ಸರ್ಕಾರದ್ದು; ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನುಗಳ ದೊಡ್ಡ ಪಾಲು ಹೀಗೆಯೇ ಇದೆ. ಮರವನ್ನು ಕಾಯುವವನೊಬ್ಬ, ಮಾರಿದ ಹಣ ಸೇರುವುದು ಇನ್ನೊಬ್ಬನಿಗೆ. ಇದರ ಪರಿಣಾಮ ತೋಟಗಳಲ್ಲಿ ಕಣ್ಣಿಗೆ ಬೀಳುತ್ತದೆ. ಬೇಗ ಬೆಳೆಯುವ, ಕಡಿಯಲು ಮಾರಲು ತೊಡಕಿಲ್ಲದ, ಕಾಳುಮೆಣಸಿನ ಬಳ್ಳಿಗೂ ಆಸರೆಯಾಗುವ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್, ನಾಡು ಮರಗಳ ಜಾಗಕ್ಕೆ ಬಂದು ನಿಂತಿದೆ. ಬೆಳೆಗಾರನನ್ನು ಇದಕ್ಕೆ ದೂರುವುದು ಅನ್ಯಾಯ. ಕಾನೂನು ತೋರಿಸಿದ ದಾರಿಯಲ್ಲೇ ಅವನು ನಡೆದಿದ್ದಾನೆ.

ಹಾಗಾದರೆ ಗಿಟಾರಿಗೆ ಬೀಟೆಯನ್ನೇ ನಿಷೇಧಿಸಿಬಿಡಬಾರದೇಕೆ ಎನ್ನಬಹುದು. 2017ರಲ್ಲಿ ಈ ಕುಲದ ಮರಗಳೆಲ್ಲವನ್ನೂ ಅಂತರರಾಷ್ಟ್ರೀಯ ಒಪ್ಪಂದದಡಿ ನಿಯಂತ್ರಣಕ್ಕೆ ತಂದಾಗ ವಾದ್ಯ ತಯಾರಕರು ಪರವಾನಗಿಗಳಲ್ಲಿ ಸಿಕ್ಕಿಕೊಂಡರು. ಪೀಠೋಪಕರಣಗಳ ಭಾರೀ ಬೇಡಿಕೆಯೇ ಆ ನಿಯಂತ್ರಣಕ್ಕೆ ಮುಖ್ಯ ಕಾರಣವಾಗಿದ್ದರಿಂದ, ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಆ ವಿನಾಯಿತಿ ನ್ಯಾಯವಾದದ್ದೇ. ಎರಡು ಎರಡೂವರೆ ಮಿಲಿಮೀಟರ್ ದಪ್ಪದ ಹಲಗೆಯಿಂದಾಗುವ ವಾದ್ಯಕ್ಕೂ ಊಟದ ಮೇಜಿಗೂ ಹೋಲಿಕೆಯಿಲ್ಲ. ಪೂರ್ತಿ ನಿಷೇಧಿಸಿದರಂತೂ ಬೀಟೆಯನ್ನು ಉಳಿಸಿಕೊಳ್ಳಲು ಬೆಳೆಗಾರನಿಗಿರುವ ಕೊನೆಯ ಕಾರಣವೂ ಹೋಗುತ್ತದೆ. ಆದರೂ ‘ನಮ್ಮದು ಸ್ವಲ್ಪವೇ ಮರ’ ಎಂಬ ಸಮಾಧಾನ ಸಾಲದು. ವಾದ್ಯಕ್ಕೆ ಬೇಕಾಗುವುದು ಎಳೆಯ ಮರವಲ್ಲ, ತೋಟದಲ್ಲಿ ಉಳಿದಿರುವ ಅತಿ ದೊಡ್ಡ, ಅತಿ ನೇರ ಮರ. ಅಂಥದ್ದನ್ನು ಎರಡು ವರ್ಷ ನುಡಿಸಿ ಮುಂದಿನ ಮಾದರಿಗೆ ಹಾರುವ ಸಂಗ್ರಹಕಾರನಿಗಾಗಿ ಉರುಳಿಸುವುದನ್ನು ನಾನು ಒಪ್ಪಲಾರೆ.

ಇದಕ್ಕೆ ಎದುರಾಗಿ ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ ಅವರ ‘ಟ್ರಿಗರ್’ ಇದೆ. 1969ರಲ್ಲಿ ಕೊಂಡ ಮಾರ್ಟಿನ್ ಗಿಟಾರ್ ಅದು, ಬೆನ್ನು ಬ್ರೆಜಿಲ್‌ನ ರೋಸ್‌ವುಡ್. ಮುಂಬದಿಯ ಹಲಗೆ ಸವೆದು ತೂತು ಬಿದ್ದಿದೆ. ಅರ್ಧ ಶತಮಾನ ಕಳೆದರೂ ಅವರು ಅದನ್ನು ಬಿಟ್ಟಿಲ್ಲ, ದುರಸ್ತಿ ಮಾಡಿಸುತ್ತ ನುಡಿಸುತ್ತಲೇ ಬಂದಿದ್ದಾರೆ. ಮರ ಬೆಳೆಯಲು ಹಿಡಿದ ಕಾಲಕ್ಕೆ ವಾದಕನೊಬ್ಬ ತನ್ನ ಕಾಲವನ್ನು ಜೋಡಿಸಿದ್ದು ಇಲ್ಲಿ ಕಾಣುತ್ತದೆ. ಒಬ್ಬ ವಾದಕನ ಗಿಟಾರ್ ಪಟ್ಟಿ ಚಿಕ್ಕದಾದಷ್ಟೂ ನನಗೆ ಅವನ ಮೇಲಿನ ಗೌರವ ಹೆಚ್ಚುತ್ತದೆ.

ಪಟ್ಟಿಯಲ್ಲಿ ಇರಲೇಬೇಕಾದ ಒಂದು ವಿವರ ಇನ್ನೂ ಬಂದಿಲ್ಲ. ಕೊಡಗಿನಿಂದ ಬೀಟೆಯ ದಿಮ್ಮಿ ಸುಮ್ಮನೆ ಹೊರಬೀಳುವುದಿಲ್ಲ. ಅರಣ್ಯ ಇಲಾಖೆಯ ಅನುಮತಿ, ದಿಮ್ಮಿಯ ಮೇಲೆ ಸುತ್ತಿಗೆಯ ಮುದ್ರೆ, ಸಾಗಾಟದ ಪರವಾನಗಿ ಎಲ್ಲವೂ ಬೇಕು. ಮರ ಯಾವ ಊರಿನ ಯಾವ ಜಮೀನಿನದು ಎಂಬುದು ಕಾಗದದಲ್ಲಿರುತ್ತದೆ. ಸಾಮಿಲ್ಲಿನಲ್ಲಿ ಹಲಗೆಯಾಗಿ ಹಲವು ಕೈ ದಾಟುವಾಗ ಆ ವಿವರ ಕಳಚಿಬೀಳುತ್ತದೆ, ವಾದ್ಯದ ಚೀಟಿಯಲ್ಲಿ ‘ಇಂಡಿಯನ್ ರೋಸ್‌ವುಡ್’ ಎಂದಷ್ಟೇ ಉಳಿಯುತ್ತದೆ. ಗಿಟಾರಿಗೆ ಕ್ರಮಸಂಖ್ಯೆ ಹಾಕಿ ಅದರ ವರ್ಷವನ್ನು ದಶಕಗಳ ನಂತರವೂ ಹೇಳಬಲ್ಲ ಕಂಪನಿಗಳಿಗೆ, ಆ ಸಂಖ್ಯೆಯ ಪಕ್ಕದಲ್ಲಿ ಮರದ ಊರನ್ನೂ ಬರೆದಿಡುವುದು ದೊಡ್ಡ ಕೆಲಸವಲ್ಲ. ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ: ಈ ಬೀಟೆ ಯಾವ ತೋಟದ್ದು, ಅದನ್ನು ಸಾಕಿದವರಿಗೆ ಎಷ್ಟು ಸಂದಿತು?