ನೆಲವನ್ನು ಎಡಕ್ಕಿಟ್ಟುಕೊಂಡು

ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತಿದರೆ ಪ್ರದಕ್ಷಿಣೆ. ಪಾಲ್ ಕ್ಯಾಫಿನ್ ಹಾಕಿದ್ದು ಅಪ್ರದಕ್ಷಿಣೆ. ವರ್ಷವಿಡೀ ಎಡಕ್ಕೆ ನೆಲ, ಬಲಕ್ಕೆ ಕಡಲು. 1981ರ ಡಿಸೆಂಬರ್ 28ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕ್ವೀನ್ಸ್‌ಕ್ಲಿಫ್‌ನಿಂದ ಹೊರಟ ಅವರ ಕಯಾಕ್, 1982ರ ಡಿಸೆಂಬರ್ 23ರಂದು ಅದೇ ಊರಿಗೆ ವಾಪಸು ಬಂತು. 360 ದಿನ, 15,160 ಕಿಲೋಮೀಟರ್. ಕಾರವಾರದಿಂದ ತಲಪಾಡಿಯವರೆಗಿನ ನಮ್ಮ ಕರಾವಳಿ ಸುಮಾರು 320 ಕಿ.ಮೀ. ಅದನ್ನು ಒಬ್ಬನೇ ಕೂತು ನಲವತ್ತೇಳು ಸಲ ಹುಟ್ಟು ಹಾಕಿ ಮುಗಿಸಿದರೆ ಎಷ್ಟೋ ಅಷ್ಟು. ಅದಕ್ಕೆ ಮೊದಲು ಆಸ್ಟ್ರೇಲಿಯಾದ ಸುತ್ತನ್ನು ಕಯಾಕಿನಲ್ಲಿ ಯಾರೂ ಪೂರೈಸಿರಲಿಲ್ಲ.

ಆಸ್ಟ್ರೇಲಿಯಾ ದ್ವೀಪವೋ ಖಂಡವೋ ಎಂಬ ತಕರಾರನ್ನು ಭೂಗೋಳದ ಮೇಷ್ಟರಿಗೇ ಬಿಡೋಣ. ಸುತ್ತಲೂ ಉಪ್ಪುನೀರಿದ್ದು, ಹೊರಟಲ್ಲಿಗೇ ಬಂದು ಸೇರಬಹುದಾದರೆ ಕಯಾಕಿನವರಿಗೆ ಅದು ದ್ವೀಪ.

ಕ್ಯಾಫಿನ್ ವೃತ್ತಿಯಲ್ಲಿ ಭೂವಿಜ್ಞಾನಿ, ನೆಲೆಸಿದ್ದು ನ್ಯೂಜಿಲೆಂಡಿನಲ್ಲಿ. ಆಸ್ಟ್ರೇಲಿಯಾಕ್ಕೆ ಕೈ ಹಾಕುವ ಹೊತ್ತಿಗೆ ನ್ಯೂಜಿಲೆಂಡಿನ ಎರಡು ದೊಡ್ಡ ದ್ವೀಪಗಳನ್ನೂ ಸ್ಟೂವರ್ಟ್ ದ್ವೀಪವನ್ನೂ ಸುತ್ತಿಯಾಗಿತ್ತು. 1980ರಲ್ಲಿ ನೈಜೆಲ್ ಡೆನ್ನಿಸ್ ಜತೆಗೂಡಿ 85 ದಿನಗಳಲ್ಲಿ ಬ್ರಿಟನ್ನಿನ ಸುತ್ತೂ ಮುಗಿದಿತ್ತು. ಅವರ ದೋಣಿ ನಾರ್ಡ್‌ಕ್ಯಾಪ್. ನಾರ್ವೆಯ ಉತ್ತರ ತುದಿಗೆ ಹೊರಟಿದ್ದ 1975ರ ಬ್ರಿಟಿಷ್ ಯಾತ್ರೆಗೆಂದು ಫ್ರಾಂಕ್ ಗುಡ್‌ಮನ್ ರೂಪಿಸಿದ ವಿನ್ಯಾಸ ಅದು. ಐದೂವರೆ ಮೀಟರಿನಷ್ಟು ಉದ್ದ, ಅಗಲ ಅರ್ಧ ಮೀಟರಿಗಿಂತ ಚೂರು ಹೆಚ್ಚು. ನಮ್ಮ ಪಾತಿದೋಣಿಯೂ ಇದರ ಪಕ್ಕದಲ್ಲಿ ವಿಶಾಲವಾಗಿ ಕಾಣಬಹುದು. ಇದರಲ್ಲಿ ಕೂರುವುದಿಲ್ಲ, ತೊಡುತ್ತಾರೆ: ಕಾಲು ನೀಡಿ, ಮೊಣಕಾಲನ್ನು ಮೇಲಿನ ಅಂಚಿಗೆ ಒತ್ತಿ, ಸೊಂಟಕ್ಕೆ ಕಟ್ಟಿದ ಲಂಗದಂಥ ಹೊದಿಕೆಯನ್ನು ಬಾಯಿಯ ಸುತ್ತ ಬಿಗಿದರೆ ಮನುಷ್ಯ ಸೊಂಟದಿಂದ ಕೆಳಗೆ ದೋಣಿಯೇ ಆಗಿಬಿಡುತ್ತಾನೆ. ಮಗುಚಿದರೆ ಎರಡೂ ತುದಿಗೆ ಅಲಗಿರುವ ಹುಟ್ಟನ್ನು ನೀರಿನ ಮೇಲೆ ಬೀಸಿ, ಸೊಂಟ ತಿರುವಿ, ದೋಣಿಯ ಸಮೇತ ಮೇಲೇಳಬೇಕು.

ಹೊರಗಿನವರು ಕೇಳುವ ಮೊದಲ ಪ್ರಶ್ನೆ ಶಾರ್ಕಿನದು, ಎರಡನೆಯದು ಮೊಸಳೆಯದು. ಮೊಸಳೆಯ ಮಾತು ಸುಳ್ಳಲ್ಲ. 2007ರಲ್ಲಿ ಇದೇ ಸುತ್ತಿಗೆ ಹೊರಟಿದ್ದ ಸ್ಯಾಂಡಿ ರಾಬ್ಸನ್ ಎಂಬಾಕೆಯ ಕಯಾಕಿನ ಮೇಲೆ ಮೊಸಳೆ ಎರಗಿ, ಯಾತ್ರೆ ಅಲ್ಲಿಗೇ ನಿಂತಿತು. ಆದರೂ ದಿನನಿತ್ಯದ ಗಂಡಾಂತರ ದಡ. ನಡುಗಡಲಿನಲ್ಲಿ ಎರಡಾಳೆತ್ತರದ ಏರಿಳಿತವೂ ತೊಟ್ಟಿಲಿನಂತೆ ತೂಗಿ ಬಿಡುತ್ತದೆ. ಅದೇ ಅಲೆ ಆಳ ಕಡಿಮೆಯಾದಲ್ಲಿ ತಲೆಯೆತ್ತಿ, ಮುಗ್ಗರಿಸಿ, ಮರಳಿನ ಮೇಲೆ ಧೊಪ್ಪೆಂದು ಬೀಳುತ್ತದೆ. ಸಂಜೆ ದಣಿದು ದಡ ಸೇರಬೇಕಾದವನು ಈ ಸಾಲಿನ ಹೊರಗೆ ನಿಂತು ಅಲೆಗಳನ್ನು ಎಣಿಸುತ್ತಾನೆ, ದೊಡ್ಡವುಗಳ ಗುಂಪು ಹಾದುಹೋಗಲಿ ಎಂದು ಕಾಯುತ್ತಾನೆ, ಕೊನೆಯದರ ಬೆನ್ನು ಹಿಡಿದು ನುಗ್ಗುತ್ತಾನೆ. ಲೆಕ್ಕ ತಪ್ಪಿದರೆ ದೋಣಿ ಅಡ್ಡ ತಿರುಗುತ್ತದೆ. ಆಗ ಹೆದರಿದ ಮೈ ದಡದ ಕಡೆ ವಾಲುತ್ತದೆ. ಪಳಗಿದ ಮೈ ಒಡೆಯುತ್ತಿರುವ ಅಲೆಯ ಕಡೆಗೇ ವಾಲಿ, ನೊರೆಯೊಳಗೆ ಹುಟ್ಟನ್ನು ಊರುತ್ತದೆ. ಮಳೆಗಾಲದಲ್ಲಿ ಅಳಿವೆ ದಾಟುವ ನಮ್ಮ ನಾಡದೋಣಿಯವರಿಗೆ ಕಡಲು ಆಳವಿದ್ದಲ್ಲಿಗಿಂತ ಆಳ ತಪ್ಪಿದಲ್ಲಿ ಹೆಚ್ಚು ಮುನಿಯುತ್ತದೆ ಎಂಬುದು ಹೊಸ ವಿಷಯವೇನಲ್ಲ.

ಇಳಿಯಲು ದಡವೇ ಇಲ್ಲದಿದ್ದರೆ?

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮುಖ್ಯಭೂಮಿಯ ಪಡುವಣ ತುದಿಯಾದ ಸ್ಟೀಪ್ ಪಾಯಿಂಟಿನ ಕೆಳಗಿನಿಂದ ಮರ್ಚಿಸನ್ ನದಿಯ ಅಳಿವೆಯಲ್ಲಿರುವ ಕಾಲ್‌ಬರಿಯ ದಿಕ್ಕಿಗೆ ನೂರೈವತ್ತು ಕಿಲೋಮೀಟರಿನಷ್ಟು ಉದ್ದಕ್ಕೂ ಸುಣ್ಣಕಲ್ಲಿನ ಗೋಡೆ. 1712ರಲ್ಲಿ ಇಲ್ಲಿ ಒಡೆದುಹೋದ ಡಚ್ ಹಡಗು ಝೌಟ್‌ಡಾರ್ಪ್‌ನ ಹೆಸರೇ ಈ ಬಂಡೆಸಾಲಿಗೆ. ಇನ್ನೂ ಮುಂದೆ, ದಕ್ಷಿಣದ ಗ್ರೇಟ್ ಆಸ್ಟ್ರೇಲಿಯನ್ ಬೈಟ್ ಕೊಲ್ಲಿಯಲ್ಲಿ ಬ್ಯಾಕ್ಸ್‌ಟರ್ ಮತ್ತು ಬುಂಡಾ ಎಂಬ ಇನ್ನೆರಡು ಗೋಡೆಗಳು. ಗೋಡೆಗೆ ಬಡಿದ ಅಲೆ ಅಲ್ಲೇ ಸಾಯುವುದಿಲ್ಲ. ಹಿಂದಿರುಗಿ, ಎದುರು ಬರುವ ಅಲೆಗೆ ಡಿಕ್ಕಿ ಹೊಡೆದು, ನೀರು ಗೋಪುರಗಳಂತೆ ನೆಟ್ಟಗೆ ಚಿಮ್ಮುತ್ತದೆ. ಆ ಕುದಿತಕ್ಕೆ ಸಿಕ್ಕದಷ್ಟು ದೂರದಲ್ಲಿ, ಹಗಲು ರಾತ್ರಿ ನಿಲ್ಲಿಸದೆ ಹುಟ್ಟು ಹಾಕುವುದೊಂದೇ ದಾರಿ. ಇಂಥ ಕಡೆ ಕ್ಯಾಫಿನ್ ಒಂದೇ ಪಟ್ಟಿಗೆ ದೋಣಿಯಲ್ಲಿ ಕಳೆದ ಅತಿ ದೀರ್ಘ ಅವಧಿ 34 ಗಂಟೆ. ನಿದ್ದೆ ಬಾರದಿರಲು ಮಾತ್ರೆ, ಹೊಟ್ಟೆ ಕಟ್ಟಿಕೊಳ್ಳಲು ಇನ್ನೊಂದು ಮಾತ್ರೆ. ಸಾಹಸಕಥನಗಳ ಮುಖಪುಟದಲ್ಲಿ ಎರಡನೆಯ ಮಾತ್ರೆಗೆ ಎಂದೂ ಜಾಗ ಸಿಗದು.

ಇಪ್ಪತ್ತೇಳು ವರ್ಷ ಈ ಸುತ್ತನ್ನು ಇನ್ನೊಬ್ಬರು ಪೂರೈಸಲಿಲ್ಲ. 2009ರ ಜನವರಿ 18ರಂದು ಅದೇ ಕ್ವೀನ್ಸ್‌ಕ್ಲಿಫ್‌ನಿಂದ ಜರ್ಮನಿಯ ಫ್ರೇಯಾ ಹಾಫ್‌ಮೈಸ್ಟರ್ ಹೊರಟರು. ಹೂಸುಮ್ ಪಟ್ಟಣದಲ್ಲಿ ಐಸ್‌ಕ್ರೀಮ್ ಅಂಗಡಿ ನಡೆಸುತ್ತಿದ್ದ, ಆಗಲೇ ನಲವತ್ತು ದಾಟಿದ್ದ ಹೆಂಗಸು. ಡಿಸೆಂಬರ್ 15ರಂದು ಅಲ್ಲಿಗೇ ಮರಳಿದರು. 332 ದಿನ, ಸುಮಾರು 13,790 ಕಿ.ಮೀ. ಕ್ಯಾಫಿನ್‌ಗಿಂತ 28 ದಿನ ಬೇಗ ಎಂದು ಎಲ್ಲೆಡೆ ಸುದ್ದಿಯಾಯಿತು.

ಈ 28 ದಿನದ ಗುಟ್ಟು ಉತ್ತರದ ಕಾರ್ಪೆಂಟೇರಿಯಾ ಕೊಲ್ಲಿಯಲ್ಲಿದೆ. ಕ್ಯಾಫಿನ್ ಕೊಲ್ಲಿಯ ಒಳಗೆ ಇಳಿದು, ಕೆಸರು, ಕಾಂಡ್ಲಾ ಕಾಡುಗಳ ದಂಡೆಯನ್ನೇ ಹಿಡಿದು ಹೊರಬಂದರು. ಫ್ರೇಯಾ ಕೊಲ್ಲಿಯ ಬಾಯಿಯನ್ನೇ ಅಡ್ಡಕ್ಕೆ ಕತ್ತರಿಸಿದರು: ಎಂಟು ದಿನ, ಸುಮಾರು 575 ಕಿ.ಮೀ. ರಾತ್ರಿ ಹುಟ್ಟನ್ನು ದೋಣಿಗೆ ಅಡ್ಡಲಾಗಿ ಕಟ್ಟಿ, ಎರಡು ತುದಿಗೂ ಗಾಳಿ ತುಂಬಿದ ಚೀಲ ಸಿಕ್ಕಿಸಿ, ಆ ಸಮತೋಲದ ಭರವಸೆಯ ಮೇಲೆ ಒಳಕ್ಕೆ ಜಾರಿ ಮುದುಡಿ ಮಲಗಿದರು. 2004ರಲ್ಲಿ ಈ ಕೊಲ್ಲಿಯನ್ನು ಹೀಗೆ ನೇರ ದಾಟಿದ್ದ ಆ್ಯಂಡ್ರೂ ಮೆಕಾಲೆ, 2007ರಲ್ಲಿ ಟ್ಯಾಸ್ಮನ್ ಸಮುದ್ರ ದಾಟುವಾಗ ನ್ಯೂಜಿಲೆಂಡ್ ಇನ್ನೇನು ಬಂತು ಎನ್ನುವಷ್ಟರಲ್ಲಿ ಇಲ್ಲವಾದರು. ಫ್ರೇಯಾಗೆ ಅದು ಗೊತ್ತಿಲ್ಲದ ಕತೆಯಲ್ಲ.

ಧೈರ್ಯದ ಪ್ರಶ್ನೆಯಾದರೆ ಆ ಏಳು ರಾತ್ರಿಗಳಿಗೆ ಸಾಟಿ ಹುಡುಕುವುದು ಕಷ್ಟ. ವೇಗದ ಪ್ರಶ್ನೆಯಾದರೆ ಪೆನ್ಸಿಲ್ ತೆಗೆದುಕೊಳ್ಳಬೇಕು. ಒಟ್ಟು ದೂರವನ್ನು ಒಟ್ಟು ದಿನಗಳಿಂದ ಭಾಗಿಸಿದರೆ ಕ್ಯಾಫಿನ್‌ಗೆ ದಿನಕ್ಕೆ 42.1 ಕಿ.ಮೀ., ಫ್ರೇಯಾಗೆ 41.5. ಉಳಿದದ್ದು ದಾರಿ, ಓಟವಲ್ಲ. ಕ್ಯಾಫಿನ್‌ಗೆ ನೆಲದ ಮೇಲೆ ವಾಹನದಲ್ಲಿ ಹಿಂಬಾಲಿಸುವ ಗೆಳೆಯರಿದ್ದರು ಎಂಬುದನ್ನೂ ತಕ್ಕಡಿಗೆ ಹಾಕಬೇಕು. ಆದರೂ ‘ಸುತ್ತು’ ಎಂಬ ಮಾತಿಗೆ ಅಂಟಿಕೊಳ್ಳುವುದಾದರೆ ಈ ಅಂಕಣದ ಮತ ಕೆಸರಿನಲ್ಲಿ ಹೋದವನಿಗೇ. ಗರ್ಭಗುಡಿಯ ಹಿಂದಿನ ಗೋಡೆ ಮುಟ್ಟದೆ ಬಂದರೆ ಅಜ್ಜಿಯಂದಿರು ಒಪ್ಪುತ್ತಾರೆಯೇ? 2010ರಲ್ಲಿ ಬ್ರೂಮ್‌ನಿಂದ ಹೊರಟ ಮೂರನೆಯವ ಸ್ಟುವರ್ಟ್ ಟ್ರೂಮನ್ ಈ ಲೆಕ್ಕಗಳಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಹದಿನಾರು ತಿಂಗಳು ತೆಗೆದುಕೊಂಡರು.

ಎಡಕ್ಕೇ ನೆಲ ಏಕೆ? ಉತ್ತರದ ತೀರದಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ದಕ್ಷಿಣದಿಂದ ಬೇಸಿಗೆಯಲ್ಲಿ ಹೊರಟು ಪೂರ್ವದ ದಂಡೆ ಹತ್ತಿದರೆ ಉತ್ತರಕ್ಕೆ ಮುಟ್ಟುವಾಗ ಒಣಹವೆ, ಬೆನ್ನಿಗೆ ಆಗ್ನೇಯದ ಗಾಳಿ. ಬದಲಿಗೆ ಪೂರ್ವದಲ್ಲಿ ದಕ್ಷಿಣಕ್ಕೆ ಹರಿಯುವ ಪ್ರವಾಹ, ಪಶ್ಚಿಮದಲ್ಲಿ ಎದುರುಗಾಳಿ ನುಂಗಿಕೊಳ್ಳಬೇಕು.

ಕೊನೆಯ ಬಾಗಿಲೂ ಸಲೀಸಲ್ಲ. ಕ್ವೀನ್ಸ್‌ಕ್ಲಿಫ್ ಇರುವುದು ಪೋರ್ಟ್ ಫಿಲಿಪ್ ಕೊಲ್ಲಿಯ ಬಾಯೊಳಗೆ. ಮೆಲ್ಬರ್ನ್ ನಗರ ಕೂತಿರುವ ಆ ಇಡೀ ಕೊಲ್ಲಿಯ ನೀರು ಉಬ್ಬರ ಇಳಿತಗಳಲ್ಲಿ ಒಳಹೊರಗೆ ಓಡಾಡುವುದು ಮೂರೂವರೆ ಕಿ.ಮೀ. ಅಗಲದ ಸಂದಿಯಲ್ಲಿ, ಬಂಡೆಗಳನ್ನು ಕಳೆದರೆ ಹಡಗುಗಳಿಗೆ ಸಿಗುವುದು ಸುಮಾರು ಒಂದೇ ಕಿಲೋಮೀಟರು. ಊರಿನವರು ಅದನ್ನು ‘ರಿಪ್’ ಎನ್ನುತ್ತಾರೆ. ಹೊರಹರಿವಿಗೆ ಬಾಸ್ ಜಲಸಂಧಿಯ ಅಲೆಗಳು ಎದುರಾದಾಗ ಅಲ್ಲಿ ನೀರು ನಿಂತಲ್ಲೇ ಎದ್ದು ಒಡೆಯುತ್ತದೆ. ಹದಿನೈದು ಸಾವಿರ ಕಿಲೋಮೀಟರ್ ಬಂದವನೂ ಈ ಸಂದಿಯ ಮುಂದೆ ಉಬ್ಬರದ ಪಟ್ಟಿ ನೋಡಿ, ನೀರು ತಣ್ಣಗಾಗುವ ಗಳಿಗೆಗೆ ಹೊಂದಿಸಿಕೊಂಡೇ ಒಳನುಗ್ಗಬೇಕು.